ವಿಕಿಪೀಡಿಯದಲ್ಲಿ ನಿಮ್ಮ ಮೊದಲ ಲೇಖನ ಉಳಿಯಬೇಕಾ? ಹಾಗಾದ್ರೆ ಮೂಲದಿಂದ ಶುರುಮಾಡಿ

ವಿಕಿಪೀಡಿಯಕ್ಕೆ ಬರೆಯೋದು ಹೇಗೆ ಅಂತ ಹೊಸಬರಿಗೆ ಹೇಳಿಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡ್ತಾ ಬಂದಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಡಿಗ್ರಿ, ಪಿಜಿ ಓದುತ್ತಿರುವವರು. ಒಂದಲ್ಲ ಒಂದು ಚಳವಳಿಯ ಜೊತೆ ನಂಟಿರುವವರು. ಅವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಬರೆದದ್ದು ಉಳಿಯುತ್ತಾ?" ಸರಿಯಾದ ಪ್ರಶ್ನೆಯೇ. ವಿಕಿಪೀಡಿಯದಲ್ಲಿ ಒಂದು ಪುಟ ತೆರೆಯೋದು ಎರಡು ನಿಮಿಷದ ಕೆಲಸ. ಎರಡು ವರ್ಷ ಕಳೆದ ಮೇಲೂ ಆ ಪುಟ ಅಲ್ಲೇ ಇರುವಂತೆ ಬರೆಯೋದು ಬೇರೆಯೇ ಕೆಲಸ.

ಈ ಬರಹ ಆ ಎರಡನೇ ಕೆಲಸದ ಬಗ್ಗೆ. ಒಂದೇ ಸಲಕ್ಕೆ ಓದಿ ಮುಗಿಸಬೇಕು ಅಂತೇನಿಲ್ಲ. ಬುಕ್‌ಮಾರ್ಕ್ ಮಾಡಿಟ್ಟುಕೊಂಡು, ಬರೆಯಲು ಕೂತಾಗ ಬೇಕಾದ ಭಾಗ ತೆಗೆದು ನೋಡಿ.

ಇದು ಯಾಕೆ ನಮ್ಮ ವಿಷಯ?

ಇಂಗ್ಲಿಷ್ ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ರಂದು. ಕನ್ನಡ ವಿಕಿಪೀಡಿಯ 2003ರಲ್ಲಿ ಬಂತು. ತುಳು ವಿಕಿಪೀಡಿಯ ಹಲವು ವರ್ಷ ಪ್ರಾಯೋಗಿಕ ಹಂತದಲ್ಲೇ ಇದ್ದು 2016ರಲ್ಲಿ ಪೂರ್ಣ ಪ್ರಮಾಣದಲ್ಲಿ ತೆರೆದುಕೊಂಡಿತು. ಇಂಗ್ಲಿಷಿನಲ್ಲಿ 65 ಲಕ್ಷಕ್ಕೂ ಹೆಚ್ಚು ಲೇಖನಗಳಿದ್ದರೆ, ಕನ್ನಡದಲ್ಲಿರುವುದು 30 ಸಾವಿರದ ಆಸುಪಾಸು. ಸರ್ಚ್ ಎಂಜಿನ್‌ಗಳು ಪುಟದ ಬದಿಯಲ್ಲಿ ತೋರಿಸುವ ಪರಿಚಯದಿಂದ ಹಿಡಿದು ಎಐ ಮಾದರಿಗಳ ತರಬೇತಿಯವರೆಗೆ ವಿಕಿಪೀಡಿಯದ ಪಠ್ಯ ಬಳಕೆಯಾಗುತ್ತೆ. ಕನ್ನಡದಲ್ಲಿ ಒಂದು ವಿಷಯದ ಬಗ್ಗೆ ಹುಡುಕಿದವರಿಗೆ ಏನು ಸಿಗುತ್ತೆ ಅನ್ನೋದು ಈ 30 ಸಾವಿರ ಪುಟಗಳ ಗುಣಮಟ್ಟದ ಮೇಲೂ ನಿಂತಿದೆ.

ಇದರಲ್ಲಿ ರಾಜಕೀಯವೂ ಇದೆ. ಕ್ರೊಯೇಷಿಯನ್ ಭಾಷೆಯ ವಿಕಿಪೀಡಿಯವನ್ನು ಬಲಪಂಥೀಯ ನಿಲುವಿನ ಒಂದು ಸಣ್ಣ ಗುಂಪು ವರ್ಷಗಟ್ಟಲೆ ಹಿಡಿತದಲ್ಲಿಟ್ಟುಕೊಂಡು, ಎರಡನೇ ಮಹಾಯುದ್ಧ ಕಾಲದ ಅಪರಾಧಗಳನ್ನು ತೆಳುವಾಗಿಸಿ ಬರೆದಿತ್ತು. ವಿಕಿಮೀಡಿಯ ಫೌಂಡೇಶನ್ 2021ರಲ್ಲಿ ಹೊರತಂದ ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ಆ ಗುಂಪು ದೊಡ್ಡದಿರಲಿಲ್ಲ. ನಿಯಮ ತಿಳಿದು ಎದುರು ಮಾತಾಡಬಲ್ಲವರು ಉಳಿದಿರಲಿಲ್ಲ, ಅಷ್ಟೇ. ಸಣ್ಣ ಭಾಷೆಯ ವಿಕಿಪೀಡಿಯಗಳಿಗೆ ಈ ಅಪಾಯ ಯಾವಾಗಲೂ ಇರುತ್ತೆ. ಹಾಗಾಗಿ ನಿಯಮ ಗೊತ್ತಿರುವ ಹೊಸ ಸಂಪಾದಕರು ಬರೋದು ಅಲಂಕಾರದ ಮಾತಲ್ಲ, ಅಗತ್ಯ.

ನಿಮ್ಮ ಮಾತನ್ನು ಯಾಕೆ ನಂಬಬೇಕು?

ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ' ತಂದಾಗ ಓದುಗರು ಕಾರಂತರನ್ನು ನಂಬಿ ಓದಿದರು. ಮೈಸೂರು ವಿಶ್ವವಿದ್ಯಾಲಯ 14 ಸಂಪುಟಗಳ ಕನ್ನಡ ವಿಶ್ವಕೋಶ ತಂದಾಗ ತಜ್ಞರನ್ನೂ ಸಂಸ್ಥೆಯನ್ನೂ ನಂಬಿದರು. ವಿಕಿಪೀಡಿಯದಲ್ಲಿ ನಾನು ಯಾರು, ನೀವು ಯಾರು ಅಂತ ಓದುಗರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನೀವು ಆ ವಿಷಯದಲ್ಲೇ ಪಿಎಚ್‌ಡಿ ಮಾಡಿರಬಹುದು, ಆ ಹೋರಾಟದಲ್ಲಿ ಜೈಲಿಗೆ ಹೋಗಿ ಬಂದಿರಬಹುದು; ಅಲ್ಲಿ ಅದು ಲೆಕ್ಕಕ್ಕೆ ಬರಲ್ಲ. ಲೆಕ್ಕಕ್ಕೆ ಬರುವುದು ವಾಕ್ಯದ ಕೊನೆಯಲ್ಲಿರುವ ಸಣ್ಣ ಅಂಕಿ, ಅಂದ್ರೆ ಉಲ್ಲೇಖ.

ಮೂರು ಮುಖ್ಯ ನಿಯಮಗಳೂ ಇದೇ ಮಾತಿನಿಂದ ಹುಟ್ಟುತ್ತವೆ.

ಪರಿಶೀಲನಾರ್ಹತೆ: ನೀವು ಬರೆದದ್ದನ್ನು ಬೇರೆಯವರು ಪ್ರಕಟಿತ ಮೂಲದಲ್ಲಿ ನೋಡಿ ಖಚಿತಪಡಿಸಿಕೊಳ್ಳಲು ಆಗಬೇಕು.

ಸ್ವಂತ ಸಂಶೋಧನೆ ಬೇಡ: ಯಾರೂ ಪ್ರಕಟಿಸದ ಹೊಸ ತೀರ್ಮಾನವನ್ನು ವಿಕಿಪೀಡಿಯದಲ್ಲಿ ಮೊದಲ ಬಾರಿಗೆ ಹೇಳುವಂತಿಲ್ಲ.

ತಟಸ್ಥ ದೃಷ್ಟಿಕೋನ: ಮೂಲಗಳು ಏನು ಹೇಳುತ್ತವೋ ಅದನ್ನು ಅವುಗಳ ತೂಕಕ್ಕೆ ತಕ್ಕಂತೆ ಹೇಳಬೇಕು, ನಿಮ್ಮ ತೀರ್ಪು ಸೇರಿಸಬಾರದು.

ಈ ಮೂರರ ಜೊತೆ 'ಗಮನಾರ್ಹತೆ' ಅನ್ನುವ ನಾಲ್ಕನೆಯದೊಂದಿದೆ. ಹೊಸಬರನ್ನು ಹೆಚ್ಚು ಗೊಂದಲಕ್ಕೆ ಕೆಡವುವ ಪದ ಇದೇ. ವ್ಯಕ್ತಿ ದೊಡ್ಡವರಾ, ಒಳ್ಳೆಯವರಾ ಅನ್ನುವ ಲೆಕ್ಕ ಅಲ್ಲ ಇದು. ಆ ವಿಷಯದ ಜೊತೆ ಸಂಬಂಧವಿಲ್ಲದ ನಂಬಲರ್ಹ ಮೂಲಗಳು ಅದರ ಬಗ್ಗೆ ವಿವರವಾಗಿ ಬರೆದಿವೆಯಾ, ಒಂದಕ್ಕಿಂತ ಹೆಚ್ಚು ಮೂಲಗಳಿವೆಯಾ ಅನ್ನೋದಷ್ಟೇ ಪ್ರಶ್ನೆ. ನಿಮ್ಮೂರಿನ ಮೇಷ್ಟ್ರು ನೂರಾರು ಮಕ್ಕಳ ಬದುಕು ಬದಲಿಸಿರಬಹುದು. ಅವರ ಬಗ್ಗೆ ಯಾರೂ ಬರೆದಿಲ್ಲ ಅಂದ್ರೆ ವಿಕಿಪೀಡಿಯ ಅದನ್ನು ಸರಿಪಡಿಸುವ ಜಾಗ ಅಲ್ಲ. ಇದು ಕಹಿ ಸತ್ಯ. ಇದರ ಬಗ್ಗೆ ಕೊನೆಯಲ್ಲಿ ಮತ್ತೆ ಮಾತಾಡೋಣ.

ಮೂಲ ಎಲ್ಲಿ ಹುಡುಕೋದು?

ಹೊಸಬರಿಗೆ ನಾನು ಕೊಡುವ ಮೊದಲ ಕೆಲಸ ಒಂದೇ: ಬರೆಯಬೇಡಿ, ಮೂರು ಮೂಲ ತನ್ನಿ. ಮೂರೂ ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಬರೆದದ್ದಾಗಿರಬೇಕು, ನಿಮ್ಮ ವಿಷಯದ ಬಗ್ಗೆ ಕನಿಷ್ಠ ಎರಡು ಮೂರು ಪ್ಯಾರಾ ಇರಬೇಕು. ಸಿಗಲಿಲ್ಲ ಅಂದ್ರೆ ವಿಷಯ ಬದಲಿಸಿ. ಈ ಒಂದು ಕಟ್ಟುಪಾಡು ಪಾಲಿಸಿದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತೆ.

ಉದಾಹರಣೆಗೆ ನಿಮ್ಮೂರಿನ ಹಳೇ ಕೆರೆಯ ಬಗ್ಗೆ ಬರೀತೀರಿ ಅಂದುಕೊಳ್ಳಿ. ಜಿಲ್ಲಾ ಗ್ಯಾಸೆಟಿಯರ್ ನೋಡಿ. ಬಿ.ಎಲ್. ರೈಸ್ ಶುರುಮಾಡಿದ 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ನಿಮ್ಮ ತಾಲ್ಲೂಕಿನ ಶಾಸನಗಳಿರಬಹುದು. ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು 'ಶೋಧಗಂಗಾ' ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಅಲ್ಲಿವೆ, ಹೊಸಬರು ಇದನ್ನು ನೋಡುವುದೇ ಕಡಿಮೆ. ಒತ್ತುವರಿ, ಹೂಳೆತ್ತುವ ಕೆಲಸದ ಬಗ್ಗೆ ಪತ್ರಿಕಾ ವರದಿಗಳಿರುತ್ತವೆ. ಊರಿನ ಜನಸಂಖ್ಯೆಗೆ 2011ರ ಜನಗಣತಿ ಇದೆ.

ಇಲ್ಲೊಂದು ಎಚ್ಚರಿಕೆ. ಶಾಸನದ ಪಠ್ಯ ನಿಮ್ಮ ಕೈಯಲ್ಲಿದೆ, ಅದರಲ್ಲಿ ಒಂದು ಕೆರೆಯ ಹೆಸರಿದೆ, ಅದು ನಮ್ಮೂರ ಕೆರೆಯೇ ಅಂತ ನಿಮಗೆ ಅನಿಸುತ್ತೆ. ನಿಮ್ಮ ಊಹೆ ಸರಿಯಿರಲೂಬಹುದು. ಆದ್ರೆ ಆ ತೀರ್ಮಾನವನ್ನು ಒಬ್ಬ ಇತಿಹಾಸಕಾರರು ಬರೆದಿದ್ದರೆ ಮಾತ್ರ ಲೇಖನದಲ್ಲಿ ಹಾಕಬಹುದು. ನೀವೇ ಜೋಡಿಸಿದರೆ ಅದು ಸ್ವಂತ ಸಂಶೋಧನೆ.

ಮೂಲ ಇಂಗ್ಲಿಷಿನಲ್ಲೇ ಇರಬೇಕು ಅನ್ನೋದು ಸುಳ್ಳು. ಆನ್‌ಲೈನ್ ಇರಬೇಕು ಅನ್ನೋದೂ ಸುಳ್ಳು. ಗ್ರಂಥಾಲಯದ ಪುಸ್ತಕವಾದರೆ ಲೇಖಕರು, ಶೀರ್ಷಿಕೆ, ಪ್ರಕಾಶನ, ವರ್ಷ, ಪುಟಸಂಖ್ಯೆ ಕೊಡಿ. ಹಳೇ ಪತ್ರಿಕೆಯಾದರೆ ವರದಿಯ ಶೀರ್ಷಿಕೆ, ಪತ್ರಿಕೆ, ದಿನಾಂಕ, ಪುಟ ಕೊಟ್ಟರೆ ಸಾಕು.

ಯಾವುದು ನಡೆಯಲ್ಲ? ಫೇಸ್‌ಬುಕ್ ಪೋಸ್ಟ್, ವಾಟ್ಸಾಪ್ ಫಾರ್ವರ್ಡ್, ಯಾರೋ ಒಬ್ಬರ ಬ್ಲಾಗ್, ಯೂಟ್ಯೂಬ್ ಚಾನೆಲ್‌ನ 'ರೋಚಕ ಇತಿಹಾಸ', ಸಂಸ್ಥೆಯದ್ದೇ ಕರಪತ್ರ, ಅಭಿನಂದನಾ ಗ್ರಂಥದ ಹೊಗಳಿಕೆ ಇವ್ಯಾವೂ ಗಮನಾರ್ಹತೆಗೆ ಸಾಕ್ಷಿ ಆಗಲ್ಲ. ವಿಕಿಪೀಡಿಯದ ಇನ್ನೊಂದು ಪುಟವೂ ಮೂಲ ಅಲ್ಲ. ಪತ್ರಿಕೆಗಳ ವಿಷಯದಲ್ಲೂ ಕಣ್ಣು ತೆರೆದಿರಿ. ಒಂದೇ ಪ್ರೆಸ್ ನೋಟ್ ಮೂರು ಪತ್ರಿಕೆಗಳಲ್ಲಿ ಅಕ್ಷರಶಃ ಅಚ್ಚಾಗಿದ್ದರೆ ಅದು ಮೂರು ಮೂಲ ಅಲ್ಲ, ಒಂದೇ. ಜಾಹೀರಾತು ಪುರವಣಿಯಲ್ಲಿ ಬಂದ 'ವಿಶೇಷ ಲೇಖನ' ಮೂಲವೇ ಅಲ್ಲ.

ಖಾತೆ, ಪ್ರಯೋಗಪುಟ, ಮೊದಲ ಹತ್ತು ತಿದ್ದುಪಡಿ

ಖಾತೆ ತೆರೆಯಿರಿ. ಒಂದು ಖಾತೆ ಒಬ್ಬ ವ್ಯಕ್ತಿಗೆ. ಸಂಘಟನೆಯ ಹೆಸರಿನಲ್ಲಿ, ನಾಲ್ಕು ಜನ ಹಂಚಿಕೊಳ್ಳುವ ಪಾಸ್‌ವರ್ಡ್ ಇಟ್ಟುಕೊಂಡು ಖಾತೆ ನಡೆಸಬೇಡಿ. ನಿಮ್ಮ ನಿಜವಾದ ಹೆಸರು ಕೊಡುವ ಅಗತ್ಯವೂ ಇಲ್ಲ. ವಿವಾದದ ವಿಷಯಗಳ ಮೇಲೆ ಬರೆಯುವವರು ಇದನ್ನು ಯೋಚಿಸಿಯೇ ತೀರ್ಮಾನಿಸಬೇಕು. 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ತನ್ನ ಬಗೆಗಿನ ಪುಟದ ವಿಚಾರವಾಗಿ ದೆಹಲಿ ಹೈಕೋರ್ಟಿನಲ್ಲಿ ವಿಕಿಮೀಡಿಯ ಫೌಂಡೇಶನ್ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದಾಗ, ಆ ಪುಟ ತಿದ್ದಿದವರ ವಿವರ ಕೊಡುವಂತೆ ಕೋರ್ಟು ಸೂಚಿಸಿತ್ತು. ಮೊಕದ್ದಮೆಯ ಬಗ್ಗೆಯೇ ಬರೆದಿದ್ದ ಇನ್ನೊಂದು ಪುಟವನ್ನು ತೆಗೆಯಲೂ ಆದೇಶವಾಗಿತ್ತು; ಆ ಆದೇಶವನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದುಮಾಡಿತು. ಹೆದರಿಸಲು ಇದನ್ನು ಹೇಳ್ತಿಲ್ಲ. ಪ್ರತಿ ವಾಕ್ಯಕ್ಕೂ ಗಟ್ಟಿ ಮೂಲ ಕೊಡೋದು ಲೇಖನದ ಜೊತೆಗೆ ನಿಮ್ಮ ರಕ್ಷಣೆಯೂ ಹೌದು ಅನ್ನೋದಕ್ಕೆ ಹೇಳಿದೆ.

ಖಾತೆ ತೆರೆದ ತಕ್ಷಣ ಹೊಸ ಲೇಖನಕ್ಕೆ ಕೈ ಹಾಕಬೇಡಿ. ಮೊದಲು ಇರುವ ಲೇಖನಗಳಲ್ಲಿ ಹತ್ತು ಸಣ್ಣ ತಿದ್ದುಪಡಿ ಮಾಡಿ. ಕಾಗುಣಿತ ಸರಿಪಡಿಸಿ, ಉಲ್ಲೇಖವಿಲ್ಲದ ವಾಕ್ಯಕ್ಕೆ ಉಲ್ಲೇಖ ಸೇರಿಸಿ, 'ಚುಟುಕು' ಅಂತ ಗುರುತಿಸಿದ ಪುಟಕ್ಕೆ ಒಂದು ಪ್ಯಾರಾ ಬರೆಯಿರಿ. ಪ್ರತಿ ತಿದ್ದುಪಡಿಗೂ ಏನು ಮಾಡಿದಿರಿ ಅಂತ ಒಂದು ಸಾಲಿನ ಸಾರಾಂಶ ಹಾಕಿ. ಪುಟದ 'ಇತಿಹಾಸ' ತೆರೆದರೆ ಯಾರು ಯಾವಾಗ ಏನು ಬದಲಿಸಿದರು ಅನ್ನೋದೆಲ್ಲ ಕಾಣುತ್ತೆ, 'ಚರ್ಚೆ' ಪುಟದಲ್ಲಿ ಜಗಳಗಳೂ ಕಾಣುತ್ತವೆ. ಇವೆರಡನ್ನು ಒಂದು ಗಂಟೆ ಓದಿದರೆ ಯಾವ ಕಾರ್ಯಾಗಾರದಲ್ಲೂ ಸಿಗದಷ್ಟು ಕಲೀತೀರಿ.

ಕನ್ನಡ ಟೈಪಿಂಗ್ ಸೌಲಭ್ಯ ವಿಕಿಪೀಡಿಯದ ಒಳಗೇ ಇದೆ: ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಕೆ.ಪಿ. ರಾವ್ ಅವರ ವಿನ್ಯಾಸ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಠ್ಯವಿದ್ದರೆ ಯೂನಿಕೋಡ್‌ಗೆ ಬದಲಿಸಿಕೊಂಡೇ ಹಾಕಿ, ಇಲ್ಲದಿದ್ದರೆ ಕಾಣುವುದು ಬರೀ ಚಿಹ್ನೆಗಳ ಗುಡ್ಡೆ.

ಆಮೇಲೆ ಹೊಸ ಲೇಖನವನ್ನು ನಿಮ್ಮ ಪ್ರಯೋಗಪುಟದಲ್ಲಿ ಬರೆಯಿರಿ. ಅಲ್ಲಿ ಅರ್ಧಂಬರ್ಧ ಇದ್ದರೂ ಸಾಮಾನ್ಯವಾಗಿ ಯಾರೂ ತಕರಾರು ಮಾಡಲ್ಲ. ಮುಗಿದ ಮೇಲೆ 'ಅರಳಿ ಕಟ್ಟೆ'ಯಲ್ಲಿ, ಅಂದ್ರೆ ಕನ್ನಡ ವಿಕಿಪೀಡಿಯದ ಚರ್ಚಾ ಕಟ್ಟೆಯಲ್ಲಿ, "ಇದನ್ನೊಮ್ಮೆ ನೋಡ್ತೀರಾ" ಅಂತ ಕೇಳಿ. ಆಮೇಲೆ ಮುಖ್ಯ ಪುಟವಾಗಿ ಹಾಕಿ.

ಲೇಖನದ ಮೈಕಟ್ಟು ಸರಳ. ಮೊದಲ ವಾಕ್ಯ ವಿಷಯ ಏನು ಅಂತ ಹೇಳಬೇಕು: ಯಾರು ಅಥವಾ ಏನು, ಎಲ್ಲಿ, ಯಾವಾಗ, ಯಾಕೆ ಗೊತ್ತಿರಬೇಕು. ಎರಡು ಮೂರು ವಾಕ್ಯದ ಪರಿಚಯ ಮುಗಿದ ಮೇಲೆ ಉಪಶೀರ್ಷಿಕೆಗಳು. ಕೊನೆಯಲ್ಲಿ ಉಲ್ಲೇಖಗಳು, ವರ್ಗಗಳು. ಬೇರೆ ಲೇಖನಗಳಿಂದ ನಿಮ್ಮ ಪುಟಕ್ಕೆ ಕೊಂಡಿ ಹಾಕಿ. ಕೊಂಡಿಯಿಲ್ಲದ ಪುಟ ಯಾರ ಕಣ್ಣಿಗೂ ಬೀಳಲ್ಲ. ಫೋಟೊ ನೀವೇ ತೆಗೆದದ್ದಾದರೆ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಗೂಗಲ್‌ನಲ್ಲಿ ಸಿಕ್ಕ ಫೋಟೊ ಬೇಡ.

ತಟಸ್ಥ ಭಾಷೆ ಅಂದ್ರೆ ಸಪ್ಪೆ ಭಾಷೆ ಅಲ್ಲ

ರಾಜಕೀಯ ಪ್ರಜ್ಞೆ ಇರುವ ಹೊಸಬರು ಹೆಚ್ಚು ಎಡವುವುದು ಇಲ್ಲಿ. "ಅನ್ಯಾಯವನ್ನು ಅನ್ಯಾಯ ಅಂತ ಹೇಳಬಾರದಾ?" ಅಂತ ನನ್ನನ್ನು ಬಹಳ ಜನ ಕೇಳಿದ್ದಾರೆ. ಕಾಗೋಡು ಸತ್ಯಾಗ್ರಹದ ಉದಾಹರಣೆಯಿಂದಲೇ ನೋಡೋಣ. ಹೊಸಬರ ಕರಡು ಸಾಮಾನ್ಯವಾಗಿ ಹೀಗಿರುತ್ತೆ:

"ಕಾಗೋಡು ಸತ್ಯಾಗ್ರಹ ಇಡೀ ಜಗತ್ತೇ ಬೆರಗಾಗುವಂಥ ಮಹಾನ್ ಹೋರಾಟ. ಕ್ರೂರ ಜಮೀನ್ದಾರರ ದಬ್ಬಾಳಿಕೆಯ ವಿರುದ್ಧ ನಮ್ಮ ವೀರ ರೈತರು ಸಿಡಿದೆದ್ದರು. ಈ ತ್ಯಾಗವನ್ನು ನಾವು ಎಂದೆಂದಿಗೂ ಮರೆಯಬಾರದು."

ಇದನ್ನೇ ಹೀಗೆ ಬರೆಯಬಹುದು:

"ಕಾಗೋಡು ಸತ್ಯಾಗ್ರಹವು 1951ರಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರು ಭೂಮಾಲೀಕರ ವಿರುದ್ಧ ನಡೆಸಿದ ಹೋರಾಟ. ಗೇಣಿ ಭತ್ತ ಅಳೆಯಲು ಭೂಮಾಲೀಕರು ಬಳಸುತ್ತಿದ್ದ ದೊಡ್ಡ ಗಾತ್ರದ ಕೊಳಗ ವಿವಾದದ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು. ಎಚ್. ಗಣಪತಿಯಪ್ಪ ಹೋರಾಟದ ಮುಂಚೂಣಿಯಲ್ಲಿದ್ದರು. ಬೆಂಬಲಿಸಲು ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು."

ಮೊದಲ ಕರಡಿನಲ್ಲಿ ವರ್ಷವಿಲ್ಲ, ಊರಿಲ್ಲ, ಹೆಸರಿಲ್ಲ. ಇರುವುದೆಲ್ಲ ಬರೆದವರ ಭಾವನೆ. ಎರಡನೆಯದರಲ್ಲಿ 'ಕ್ರೂರ' ಅನ್ನುವ ಪದ ಇಲ್ಲ, ಆದ್ರೆ ಕೊಳಗ ಇದೆ. ಏನೂ ಗೊತ್ತಿಲ್ಲದ ಓದುಗರಿಗೂ ಆ ಕೊಳಗ ಎಲ್ಲ ಹೇಳಿಬಿಡುತ್ತೆ. ಪ್ರತಿ ವಾಕ್ಯಕ್ಕೂ ಉಲ್ಲೇಖ ಕೊಟ್ಟರೆ ಇದನ್ನು ಅಳಿಸಲು ಬರುವವರು ಮೂಲದ ಜೊತೆ ಜಗಳ ಆಡಬೇಕಾಗುತ್ತೆ, ನಿಮ್ಮ ಜೊತೆ ಅಲ್ಲ.

ತಟಸ್ಥ ಅಂದ್ರೆ 'ಆ ಕಡೆಗೆ ಐವತ್ತು, ಈ ಕಡೆಗೆ ಐವತ್ತು' ಅಂತಲೂ ಅಲ್ಲ. ನಂಬಲರ್ಹ ಮೂಲಗಳಲ್ಲಿ ಒಂದು ವಾದಕ್ಕೆ ಎಷ್ಟು ಜಾಗ ಇದೆಯೋ ಲೇಖನದಲ್ಲೂ ಅಷ್ಟೇ ಜಾಗ. ವಿಜ್ಞಾನಿಗಳೆಲ್ಲ ಒಪ್ಪಿದ ಸಂಗತಿಗೆ ಎದುರಾಗಿ ಯಾರೋ ಒಬ್ಬರ ವಿಡಿಯೊ ಇಟ್ಟು 'ಎರಡು ಅಭಿಪ್ರಾಯಗಳಿವೆ' ಅನ್ನುವಂತಿಲ್ಲ. ಅಭಿಪ್ರಾಯ ಬರೆಯಲೇಬೇಕಾದಾಗ ಅದು ಯಾರದ್ದು ಅಂತ ಹೇಳಿ. 'ಈ ಕಾನೂನು ರೈತವಿರೋಧಿ' ಅನ್ನಬೇಡಿ. ಇಂಥ ಸಂಘಟನೆ ಇಂಥ ದಿನ ಅದನ್ನು ರೈತವಿರೋಧಿ ಎಂದು ಕರೆಯಿತು, ಸರ್ಕಾರ ಹೀಗೆ ಉತ್ತರಿಸಿತು ಅಂತ ಬರೆಯಿರಿ.

ಕನ್ನಡದಲ್ಲಿ ಬರೆಯುವಾಗ ಇನ್ನೂ ಮೂರು ಸೂಕ್ಷ್ಮಗಳಿವೆ. ಒಂದು, ಶ್ರೀ, ಪೂಜ್ಯ, ಖ್ಯಾತ, ಹೆಮ್ಮೆಯ ಇವನ್ನೆಲ್ಲ ತೆಗೆಯಿರಿ. 'ಜನಿಸಿದರು', 'ಬರೆದರು' ಅನ್ನುವ ಬಹುವಚನದಲ್ಲೇ ಬೇಕಾದಷ್ಟು ಗೌರವ ಇದೆ. ಎರಡು, ಇತ್ತೀಚೆಗೆ, ಪ್ರಸ್ತುತ, ಕಳೆದ ವರ್ಷ ಅಂತ ಬರೆಯಬೇಡಿ. ಐದು ವರ್ಷ ಬಿಟ್ಟು ಓದುವವರಿಗೆ ಅದರ ಅರ್ಥವೇ ಬೇರೆ, ಹಾಗಾಗಿ ಇಸವಿ ಹಾಕಿ. ಮೂರು, 'ನಮ್ಮ ನಾಡು', 'ನಮ್ಮ ಸಮುದಾಯ' ಬೇಡ. ಓದುಗರು ಯಾವ ನಾಡಿನವರೋ ಯಾರಿಗೆ ಗೊತ್ತು?

ಬದುಕಿರುವವರ ಬಗ್ಗೆ ಬರೆಯುವಾಗ

2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ, ಕೆನಡಿ ಸಹೋದರರ ಹತ್ಯೆಯಲ್ಲಿ ಅವರ ಪಾತ್ರವಿದೆ ಎಂಬ ಶಂಕೆಯಿತ್ತು ಅಂತ ಯಾರೋ ಸುಳ್ಳು ಬರೆದರು. ಅದು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿಯಿತು. ಆ ಗದ್ದಲದ ನಂತರ ಜೀವಂತ ವ್ಯಕ್ತಿಗಳ ಕುರಿತ ನಿಯಮಗಳು ಬಿಗಿಯಾದವು. ಇಲ್ಲಿ ಉಲ್ಲೇಖವಿಲ್ಲದ ಆರೋಪವನ್ನು ಯಾರು ಬೇಕಾದರೂ, ಚರ್ಚೆಗೆ ಕಾಯದೆ, ತಕ್ಷಣ ಅಳಿಸಬಹುದು.

ನಿಮಗೆ ಇಷ್ಟವಿಲ್ಲದ ರಾಜಕಾರಣಿಯ ಪುಟದಲ್ಲೂ ಇದೇ ನಿಯಮ. ಎಫ್‌ಐಆರ್ ಆಗಿದ್ದರೆ 'ಎಫ್‌ಐಆರ್ ದಾಖಲಾಯಿತು' ಅಷ್ಟೇ, 'ಭ್ರಷ್ಟ' ಅನ್ನುವಂತಿಲ್ಲ. ಖುಲಾಸೆಯಾಗಿದ್ದರೆ ಅದನ್ನೂ ಬರೆಯಲೇಬೇಕು. ಜಾತಿ, ಧರ್ಮ, ಲೈಂಗಿಕತೆಯಂಥ ವಿಷಯಗಳನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿರದಿದ್ದರೆ ಊಹಿಸಿ ಹಾಕಬೇಡಿ. ಮನೆ ವಿಳಾಸ, ಫೋನ್ ನಂಬರ್, ಮಕ್ಕಳ ಶಾಲೆ ಇವು ಯಾವ ಕಾರಣಕ್ಕೂ ಬೇಡ.

ನಿಮ್ಮ ಬಗ್ಗೆ, ನಿಮ್ಮ ಅಪ್ಪನ ಬಗ್ಗೆ, ನೀವು ಕೆಲಸ ಮಾಡುವ ಪಕ್ಷ ಅಥವಾ ಎನ್‌ಜಿಒ ಬಗ್ಗೆ ನೀವೇ ಲೇಖನ ಬರೆಯಬೇಡಿ. ತಪ್ಪು ಮಾಹಿತಿ ಕಂಡರೆ ಚರ್ಚೆ ಪುಟದಲ್ಲಿ ಸಂಬಂಧ ಹೇಳಿಕೊಂಡು, ಮೂಲ ಕೊಟ್ಟು ತಿದ್ದಲು ಕೇಳಿ. ದುಡ್ಡು ತೆಗೆದುಕೊಂಡು ಬರೆಯುವುದಾದರೆ ಅದನ್ನು ಬಹಿರಂಗಪಡಿಸುವುದು 2014ರಿಂದ ವಿಕಿಮೀಡಿಯದ ಬಳಕೆಯ ಷರತ್ತುಗಳಲ್ಲೇ ಕಡ್ಡಾಯ. ಐಟಿ ಸೆಲ್‌ಗಳಿಗೂ ಇದೇ ಷರತ್ತು.

ನಕಲು, ಅನುವಾದ, ಎಐ

ವಿಕಿಪೀಡಿಯಕ್ಕೆ ಬರೆದದ್ದನ್ನು ಯಾರು ಬೇಕಾದರೂ, ಹೆಸರು ಉಲ್ಲೇಖಿಸಿ, ಅದೇ ಪರವಾನಗಿಯಲ್ಲಿ, ವ್ಯಾಪಾರಕ್ಕೂ ಬಳಸಬಹುದು. ಹಾಗಾಗಿ ಪತ್ರಿಕೆಯ ಪ್ಯಾರಾ ತಂದು ಅಂಟಿಸಿದರೆ ಬೇರೆಯವರ ಸೊತ್ತನ್ನು ನೀವು ದಾನ ಮಾಡಿದ ಹಾಗೆ. 'ಕೃಪೆ' ಅಂತ ಹಾಕಿದರೂ ನಡೆಯಲ್ಲ. ಓದಿ, ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ಬರೆದು, ಆಮೇಲೆ ಮೂಲ ತೆರೆದು ತಾಳೆ ನೋಡಿ. ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾದ ಪಠ್ಯ ಬೇರೆ ಮಾತು. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಹಾಗೆ ಬಿಡುಗಡೆ ಮಾಡಿದ್ದರಿಂದ ಅದರ ಪಠ್ಯವನ್ನು ಮೂಲ ಹೇಳಿ ಬಳಸಬಹುದು.

ಇಂಗ್ಲಿಷ್ ವಿಕಿಪೀಡಿಯದಿಂದ ಅನುವಾದಿಸಲು ಅವಕಾಶ ಇದೆ. ಎಲ್ಲಿಂದ ಅಂತ ಸಾರಾಂಶದಲ್ಲಿ ಹೇಳಬೇಕು, ಉಲ್ಲೇಖಗಳನ್ನು ನೀವೇ ತೆರೆದು ನೋಡಿರಬೇಕು. ಆದ್ರೆ ಯಂತ್ರ ಕೊಟ್ಟದ್ದನ್ನು ಹಾಗೇ ಸುರಿಯಬೇಡಿ. 2009ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದ ಸಾಧನ ಬಳಸಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಕ್ಕೆ ಲೇಖನ ತುಂಬಿಸುವ ಯೋಜನೆ ನಡೆಸಿತ್ತು. ಲೇಖನಗಳ ಗಾತ್ರ ಹೆಚ್ಚಾಯಿತು, ಓದಲು ಆಗದ ಕನ್ನಡವೂ ಹೆಚ್ಚಾಯಿತು. ಸ್ಕಾಟ್ಸ್ ಭಾಷೆಯ ಕಥೆ ಇನ್ನೂ ಕೆಟ್ಟದ್ದು: ಆ ಭಾಷೆ ಬಾರದ ಅಮೆರಿಕದ ಹದಿಹರೆಯದ ಹುಡುಗನೊಬ್ಬ ಸಾವಿರಾರು ಲೇಖನ ಬರೆದಿದ್ದು 2020ರಲ್ಲಿ ಬಯಲಾಯಿತು. ಆತನ ಉದ್ದೇಶ ಕೆಟ್ಟದ್ದಿರಲಿಲ್ಲ. ಹಾನಿ ಮಾತ್ರ ನಿಜ.

"ಈ ವಿಶ್ವವಿದ್ಯಾಲಯವು 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಂದ ಸ್ಥಾಪಿಸಲ್ಪಟ್ಟಿತು" ಅಂತ ಯಂತ್ರ ಬರೆಯುತ್ತೆ. ಮನುಷ್ಯರು "ನಾಲ್ವಡಿ ಕೃಷ್ಣರಾಜ ಒಡೆಯರ್ 1916ರಲ್ಲಿ ಈ ವಿಶ್ವವಿದ್ಯಾಲಯ ಸ್ಥಾಪಿಸಿದರು" ಅಂತಾರೆ. ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತಡವರಿಸಿದ ಕಡೆ ತಿದ್ದಿ.

ಚಾಟ್‌ಬಾಟ್ ಬರೆದುಕೊಟ್ಟ ಲೇಖನಗಳ ದೊಡ್ಡ ತೊಂದರೆ ಭಾಷೆಯದ್ದಲ್ಲ, ಮೂಲದ್ದು. ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆಯನ್ನು ಅವು ಧೈರ್ಯವಾಗಿ ಕೊಡುತ್ತವೆ. ಯಾರೂ ಪರಿಶೀಲಿಸದೆ ಹಾಕಿದ ಇಂಥ ಪುಟಗಳನ್ನು ಚರ್ಚೆಯಿಲ್ಲದೆ ಬೇಗ ಅಳಿಸಲು ಇಂಗ್ಲಿಷ್ ವಿಕಿಪೀಡಿಯ 2025ರ ಆಗಸ್ಟ್‌ನಲ್ಲಿ ಪ್ರತ್ಯೇಕ ನಿಯಮವನ್ನೇ ಮಾಡಿತು. ನೀವು ಕಣ್ಣಾರೆ ನೋಡದ ಮೂಲವನ್ನು ಉಲ್ಲೇಖಿಸಬೇಡಿ. ಇಷ್ಟು ಪಾಲಿಸಿದರೆ ಸಾಕು.

ಅಳಿಸುವ ಫಲಕ ಬಿದ್ದರೆ

ಗಾಬರಿಯಾಗಬೇಡಿ. ಫಲಕದಲ್ಲಿ ಕಾರಣ ಬರೆದಿರುತ್ತೆ, ಮೊದಲು ಅದನ್ನು ಓದಿ. 'ಉಲ್ಲೇಖವಿಲ್ಲ' ಅಂದ್ರೆ ಉಲ್ಲೇಖ ಸೇರಿಸಿ. 'ಜಾಹೀರಾತಿನಂತಿದೆ' ಅಂದ್ರೆ ವಿಶೇಷಣ ಕಿತ್ತುಹಾಕಿ. 'ಗಮನಾರ್ಹತೆ ಇಲ್ಲ' ಅಂದ್ರೆ ಚರ್ಚೆ ಪುಟದಲ್ಲಿ ನಿಮ್ಮ ಮೂರು ಅತ್ಯುತ್ತಮ ಮೂಲಗಳನ್ನು ಇಟ್ಟು ಮಾತಾಡಿ. ಮೂವತ್ತು ದುರ್ಬಲ ಕೊಂಡಿಗಳಿಗಿಂತ ಮೂರು ಗಟ್ಟಿ ಮೂಲ ಮೇಲು. ಫಲಕವನ್ನು ಸದ್ದಿಲ್ಲದೆ ಕಿತ್ತುಹಾಕೋದು, ಗೆಳೆಯರನ್ನು ಕರೆದು ಹತ್ತು ಹೊಸ ಖಾತೆಯಿಂದ 'ಉಳಿಸಿ' ಅನ್ನಿಸೋದು ನಿಮ್ಮ ವಾದವನ್ನೇ ಕೊಲ್ಲುತ್ತೆ. ತಿದ್ದಾಟದ ಯುದ್ಧ ಬೇಡ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ತಿದ್ದುಪಡಿ ತಿರುಗಿಸಿದರೆ ನಿರ್ಬಂಧ ಬೀಳಬಹುದು.

ನಿರ್ವಾಹಕರು, ಹಳಬರು ಯಾವಾಗಲೂ ಸರಿ ಅಂತಲೂ ಅಲ್ಲ. ಭೌತವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರ ಬಗ್ಗೆ ಬರೆದ ಕರಡನ್ನು, ಸಲ್ಲಿಸಿದ ಉಲ್ಲೇಖಗಳು ಸಾಲದು ಅಂತ 2018ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿರಸ್ಕರಿಸಲಾಗಿತ್ತು. ಅದೇ ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಬಂತು. ಕರಡು ಬರೆದವರು ಸ್ವತಂತ್ರ ಮೂಲ ಕೊಟ್ಟಿರಲಿಲ್ಲ ಅನ್ನೋದು ನಿಜ. ತಿರಸ್ಕರಿಸುವ ಬದಲು ಯಾರಾದರೂ ಅರ್ಧ ಗಂಟೆ ಹುಡುಕಿಕೊಟ್ಟಿದ್ದರೆ ಪುಟ ಉಳಿಯುತ್ತಿತ್ತು ಅನ್ನೋದೂ ನಿಜ.

ಅದಕ್ಕೇ ಹಳಬರಿಗೆ ನನ್ನದೊಂದು ಮನವಿ. 'ಹೊಸಬರನ್ನು ಕಚ್ಚಬೇಡಿ' ಅನ್ನುವ ಮಾರ್ಗಸೂಚಿ ವಿಕಿಪೀಡಿಯದಲ್ಲೇ ಇದೆ. ಫಲಕ ಹಾಕುವಾಗ ಅವರ ಚರ್ಚೆ ಪುಟದಲ್ಲಿ ಎರಡು ಸಾಲು ಮನುಷ್ಯರ ಭಾಷೆಯಲ್ಲಿ ಬರೆಯಿರಿ: ಏನು ಕೊರತೆ, ಎಲ್ಲಿ ಹುಡುಕಬಹುದು. ಕನ್ನಡದಂಥ ಸಣ್ಣ ಸಮುದಾಯದಲ್ಲಿ ಒಬ್ಬರು ಬೇಸರಪಟ್ಟು ಹೋದರೆ ಅವರ ಜಾಗಕ್ಕೆ ಇನ್ನೊಬ್ಬರು ಬರಲ್ಲ.

ಮೂಲವೇ ಇಲ್ಲದವರ ಕಥೆ ಏನು?

ಈಗ ಆ ಕಹಿ ಸತ್ಯಕ್ಕೆ ಬರೋಣ. ಪತ್ರಿಕೆ, ಪುಸ್ತಕ, ವಿಶ್ವವಿದ್ಯಾಲಯಗಳಲ್ಲಿ ಯಾರ ಬಗ್ಗೆ ಬರೆಯಲಾಯಿತೋ ಅವರು ವಿಕಿಪೀಡಿಯಕ್ಕೂ ಸುಲಭವಾಗಿ ಬರ್ತಾರೆ. ದಲಿತ ಚಳವಳಿಯ ತಳಮಟ್ಟದ ಕಾರ್ಯಕರ್ತೆ, ಗಾರ್ಮೆಂಟ್ ಕಾರ್ಖಾನೆಯ ಸಂಘಟಕಿ, ಅಲೆಮಾರಿ ಸಮುದಾಯದ ಹಾಡುಗಾರರು ಅಲ್ಲಿ ಬರಲಿಲ್ಲ, ಹಾಗಾಗಿ ಇಲ್ಲಿಯೂ ಇಲ್ಲ. ಇಂಗ್ಲಿಷ್ ವಿಕಿಪೀಡಿಯದ ಜೀವನಚರಿತ್ರೆಗಳಲ್ಲಿ ಮಹಿಳೆಯರದ್ದು ಇವತ್ತಿಗೂ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ನಿಯಮ ಎಲ್ಲರಿಗೂ ಒಂದೇ, ಆದ್ರೆ ಅದರ ಭಾರ ಎಲ್ಲರ ಮೇಲೂ ಒಂದೇ ರೀತಿ ಬೀಳಲ್ಲ.

ಇದಕ್ಕೆ ಉತ್ತರ ಹುಡುಕುವ ಪ್ರಯತ್ನವೂ ನಡೆದಿದೆ. ಬೆಂಗಳೂರಿನ ಲೇಖಕ ಅಚಲ್ ಪ್ರಭಾಲ 2011ರಲ್ಲಿ ವಿಕಿಮೀಡಿಯದ ನೆರವಿನಿಂದ ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿ 'ಮೌಖಿಕ ಉಲ್ಲೇಖ'ದ ಪ್ರಯೋಗ ಮಾಡಿದರು. ಮಲಯಾಳಂ, ಹಿಂದಿ, ಸೆಪೆಡಿ ಭಾಷೆಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ, ಅದನ್ನೇ ಲೇಖನಕ್ಕೆ ಮೂಲವಾಗಿ ಬಳಸಬಹುದಾ ಅನ್ನುವುದು ಪ್ರಶ್ನೆಯಾಗಿತ್ತು. ವಿಕಿಪೀಡಿಯದ ಒಳಗೆ ಇದು ದೊಡ್ಡ ಚರ್ಚೆ ಎಬ್ಬಿಸಿತು, ಆದ್ರೆ ಸಾಮಾನ್ಯ ನಿಯಮ ಬದಲಾಗಲಿಲ್ಲ. ಧ್ವನಿಮುದ್ರಣವನ್ನು ಯಾರು ಪರಿಶೀಲಿಸ್ತಾರೆ ಅನ್ನುವ ಆಕ್ಷೇಪಕ್ಕೂ ತೂಕ ಇದೆ. ಇದೇ ಬಾಗಿಲಿನಿಂದ ಸುಳ್ಳು ಇತಿಹಾಸವೂ ಒಳಗೆ ಬರಬಹುದು ಅನ್ನೋದು ನಮಗೇ ಚೆನ್ನಾಗಿ ಗೊತ್ತಲ್ವಾ?

ಹಾಗಾಗಿ ನನ್ನ ನಿಲುವು ಇದು: ನಿಯಮ ಸಡಿಲಿಸಿ ಅನ್ನುವುದಕ್ಕಿಂತ ಮೂಲ ಹುಟ್ಟಿಸುವುದು ಹೆಚ್ಚು ಕೆಲಸಕ್ಕೆ ಬರುತ್ತೆ. ಆ ಸಂಘಟಕಿಯನ್ನು ಸಂದರ್ಶಿಸಿ, ಸಂಪಾದಕರಿರುವ ಪತ್ರಿಕೆಗೆ ಕೊಡಿ. ನಿಮ್ಮ ಎಂಎ ಪ್ರಬಂಧಕ್ಕೆ ಆ ಹಾಡುಗಾರರನ್ನು ಆರಿಸಿಕೊಳ್ಳಿ, ಅದನ್ನು ಪರಿಷ್ಕರಿಸಿ ಸಂಶೋಧನಾ ಪತ್ರಿಕೆಗೆ ಕಳಿಸಿ. ಹಳೇ ಚಳವಳಿ ಪತ್ರಿಕೆಗಳ ಸಂಚಿಕೆಗಳು ಯಾರದ್ದೋ ಮನೆಯ ಅಟ್ಟದಲ್ಲಿದ್ದರೆ ಗ್ರಂಥಾಲಯಕ್ಕೆ ಸೇರಿಸಿ. ಆಮೇಲೆ ವಿಕಿಪೀಡಿಯ ಲೇಖನವನ್ನು ನೀವೇ ಬರೆಯಬೇಡಿ. ನಿಮ್ಮ ಬರಹವನ್ನು ನೀವೇ ಉಲ್ಲೇಖಿಸುವುದಕ್ಕಿಂತ ಇನ್ನೊಬ್ಬರು ಓದಿ ಬರೆಯಲಿ. ಇದು ನಿಧಾನದ ದಾರಿ. ಹೀಗೆ ಒಳಗೆ ಬಂದವರನ್ನು ಹೊರಹಾಕುವುದು ಮಾತ್ರ ಕಷ್ಟ.

'ಪ್ರಕಟಿಸಿ' ಒತ್ತುವ ಮುನ್ನ

1. ಈ ವಿಷಯದ ಮೇಲೆ ಕನ್ನಡ ವಿಕಿಪೀಡಿಯದಲ್ಲಿ ಈಗಾಗಲೇ ಲೇಖನ ಇದೆಯಾ? ಬೇರೆ ಕಾಗುಣಿತದಲ್ಲೂ ಹುಡುಕಿದಿರಾ?

2. ಸ್ವತಂತ್ರವಾದ, ವಿವರವಾದ ಮೂರು ಮೂಲಗಳಿವೆಯಾ? ಮೂರನ್ನೂ ನೀವು ಓದಿದ್ದೀರಾ?

3. ಮೊದಲ ವಾಕ್ಯ ಓದಿದ ಅಪರಿಚಿತರಿಗೆ ಇದು ಏನು ಅಂತ ಗೊತ್ತಾಗುತ್ತಾ?

4. ಪ್ರತಿ ಮುಖ್ಯ ಸಂಗತಿಯ ಪಕ್ಕದಲ್ಲೂ ಉಲ್ಲೇಖ ಇದೆಯಾ?

5. ಹೊಗಳುವ, ತೆಗಳುವ ಪದಗಳನ್ನು ತೆಗೆದಿರಾ? ಅಭಿಪ್ರಾಯ ಯಾರದ್ದು ಅಂತ ಹೇಳಿದಿರಾ?

6. ಬದುಕಿರುವವರ ಬಗ್ಗೆ ಮೂಲವಿಲ್ಲದ ಒಂದು ಪದವಾದರೂ ಉಳಿದಿದೆಯಾ?

7. ಒಂದು ವಾಕ್ಯವಾದರೂ ಎಲ್ಲಿಂದಾದರೂ ಎತ್ತಿಕೊಂಡದ್ದಾ? ಫೋಟೊ ನಿಮ್ಮದೇನಾ?

8. ಈ ವಿಷಯದ ಜೊತೆ ನಿಮಗೆ ಹಣದ, ಮನೆತನದ, ಪಕ್ಷದ ಸಂಬಂಧ ಇದೆಯಾ? ಇದ್ದರೆ ಹೇಳಿಕೊಂಡಿದ್ದೀರಾ?

ಎಂಟಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಪ್ರಕಟಿಸಿ. ಸಿಗದಿದ್ದರೆ ಪ್ರಯೋಗಪುಟದಲ್ಲೇ ಇರಲಿ, ಅವಸರ ಏನಿಲ್ಲ. ಇವತ್ತೇ ಏನಾದರೂ ಮಾಡಬೇಕು ಅನಿಸಿದರೆ ನಿಮ್ಮ ತಾಲ್ಲೂಕಿನ ಪುಟ ತೆರೆಯಿರಿ, ಉಲ್ಲೇಖವಿಲ್ಲದ ಒಂದು ವಾಕ್ಯ ಹುಡುಕಿ, ಅದಕ್ಕೊಂದು ಮೂಲ ಸೇರಿಸಿ.